ಗಿರಾಕಿಯ ಮುಖ ನೋಡದೆ ಉದ್ಯಮಶೀಲತೆಯಲ್ಲಿ ಪಾಸಾಗುವವರು

ಬೆಂಗಳೂರಿನ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ ಹಾಗೂ ವಾಣಿಜ್ಯ, ನಿರ್ವಹಣೆ ಮತ್ತು ಎಂಜಿನಿಯರಿಂಗ್ ಅಧ್ಯಯನ ಮಂಡಳಿಗಳ ಅಧ್ಯಕ್ಷರಿಗೆ,

ಮಾನ್ಯರೇ,

ನಾನು ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವವನು. ಊದುಬತ್ತಿಯಾಗಲಿ, ಬಿಸ್ಕತ್ತಾಗಲಿ, ಸಾಬೂನಾಗಲಿ, ಯಂತ್ರದ ಬಿಡಿಭಾಗವಾಗಲಿ, ಈ ಊರಿನಲ್ಲಿ ಯಾರು ಏನನ್ನು ಮಾರಲು ಹೊರಟರೂ ಅದನ್ನು ತುಂಬಿ ಕಳುಹಿಸಲು ಪೆಟ್ಟಿಗೆ ಬೇಕು. ಹಾಗಾಗಿ ಹೊಸ ಉದ್ಯಮ ಹುಟ್ಟಿದ ಸುದ್ದಿ ಬ್ಯಾಂಕಿನವರಿಗಿಂತ ಮೊದಲು ನಮ್ಮಂಥವರ ಕಿವಿಗೆ ಬೀಳುತ್ತದೆ. ಅದು ಮುಚ್ಚಿಹೋದ ಸುದ್ದಿಯೂ ನಮಗೇ ಮೊದಲು ತಿಳಿಯುತ್ತದೆ, ಬಾಕಿ ಕೇಳಲು ಫೋನ್ ಮಾಡಿದರೆ ಆ ಕಡೆ ಯಾರೂ ಎತ್ತುವುದಿಲ್ಲ. ಇದರ ಜೊತೆಗೆ ಕೆಲವು ವರ್ಷಗಳಿಂದ ಕಾಲೇಜುಗಳು ನನ್ನನ್ನು ‘ಬಿಸಿನೆಸ್ ಪ್ಲಾನ್’ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕರೆಯುತ್ತಿವೆ. ಒಂದು ಸ್ವಾಯತ್ತ ಕಾಲೇಜಿನ ಅಧ್ಯಯನ ಮಂಡಳಿಯಲ್ಲಿ ಉದ್ಯಮ ಪ್ರತಿನಿಧಿಯ ಕುರ್ಚಿಯನ್ನೂ ಕೊಟ್ಟಿದ್ದಾರೆ. ನೀವು ಓದಿಸಿ ಕಳುಹಿಸಿದವರು ಕಾರ್ಖಾನೆಗೆ ಬಂದಾಗ ಅವರೊಂದಿಗೆ ಮಾತಿಗೆ ಕೂರುವವನೂ ನಾನೇ, ಅವರು ಓದಿದ ಪಠ್ಯಕ್ರಮಕ್ಕೆ ಸಹಿ ಹಾಕಿದವರಲ್ಲಿ ಒಬ್ಬನೂ ನಾನೇ. ಈ ಎರಡರ ನಡುವಿನ ಅಂತರವನ್ನು ನೋಡಿ ನೋಡಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಪದವಿಯಲ್ಲಿ ಉದ್ಯಮಶೀಲತೆಯನ್ನು ಒಂದು ವಿಷಯವಾಗಿ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಸೆಮಿಸ್ಟರ್ ಮುಗಿಯುವುದರೊಳಗೆ ಗುರುತು ಪರಿಚಯವಿಲ್ಲದ ಗಿರಾಕಿಗೆ ಏನನ್ನಾದರೂ ಮಾರಿ ಹಣ ಪಡೆದಿರಬೇಕು. ಅದರ ಲೆಕ್ಕ ಬರೆದಿಟ್ಟಿರಬೇಕು. ಬಹುಪಾಲು ಅಂಕಗಳು ಆ ಲೆಕ್ಕದ ಪುಸ್ತಕಕ್ಕೆ ಮತ್ತು ಅದರ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಕ್ಕೆ ಸಿಗಬೇಕು. ಇದು ಅತಿಯಾಯಿತು ಎನಿಸಿದರೆ ದಯವಿಟ್ಟು ಮುಂದೆ ಓದಿ.

ಈಗ ಏನಾಗುತ್ತಿದೆ? ಬಿ.ಕಾಂ., ಬಿ.ಬಿ.ಎ. ಓದುವವರಿಗೆ ಉದ್ಯಮಶೀಲತೆಯ ಪತ್ರಿಕೆ ಇದೆ. ಎಂಜಿನಿಯರಿಂಗ್‌ನವರಿಗೂ ನಿರ್ವಹಣೆಯ ಜೊತೆಗೆ ಸೇರಿಸಿ ಕಲಿಸುವುದುಂಟು. ಮೊದಲ ಘಟಕದಲ್ಲಿ ಅರ್ಥಶಾಸ್ತ್ರಜ್ಞ ಶುಂಪೀಟರ್ ಅವರು ಉದ್ಯಮಿಗೆ ಕೊಟ್ಟ ವ್ಯಾಖ್ಯಾನ. ಆಮೇಲೆ ಡ್ಯಾನ್‌ಹಾಫ್ ಅವರ ವರ್ಗೀಕರಣ: ನಾವೀನ್ಯದ ಉದ್ಯಮಿ, ಅನುಕರಣೆಯ ಉದ್ಯಮಿ, ಗತ್ಯಂತರವಿಲ್ಲದಾಗ ಮಾತ್ರ ಬದಲಾಗುವ ಫೇಬಿಯನ್ ಉದ್ಯಮಿ, ನಷ್ಟವಾದರೂ ಬದಲಾಗದ ಡ್ರೋನ್ ಉದ್ಯಮಿ. ನಂತರ ಉದ್ಯಮಿಯ ಗುಣಲಕ್ಷಣಗಳು, ಮಹಿಳಾ ಉದ್ಯಮಿಗಳ ಸಮಸ್ಯೆಗಳು, ನೆರವು ನೀಡುವ ಸಂಸ್ಥೆಗಳ ಪಟ್ಟಿ, ಕೊನೆಗೆ ಯೋಜನಾ ವರದಿ ತಯಾರಿ. ಪೀಣ್ಯದ ಎರಡನೆಯ ಹಂತದಲ್ಲಿ ನಿಂತು ಯಾವ ಮಾಲೀಕರನ್ನಾದರೂ ‘ನೀವು ಫೇಬಿಯನ್ನೋ ಡ್ರೋನೋ’ ಎಂದು ಕೇಳಿ ನೋಡಿ. ಡ್ಯಾನ್‌ಹಾಫ್ ಅವರು 1940ರ ದಶಕದಲ್ಲಿ ಕೃಷಿಯನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಆ ವಿಂಗಡಣೆಗೆ ಅದರದೇ ಸ್ಥಾನವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಐದು ಅಂಕದ ಟಿಪ್ಪಣಿಯಾಗಿ ಅದನ್ನು ಬಾಯಿಪಾಠ ಮಾಡಿದ ಹುಡುಗ ನನ್ನ ಮುಂದೆ ಬಂದು ಕುಳಿತಾಗ ಅದರಿಂದ ಅವನಿಗೆ ಮೂರು ಕಾಸಿನ ಪ್ರಯೋಜನವೂ ಆಗುವುದಿಲ್ಲ.

ಅವರು ಬರುವ ಬಗೆಯನ್ನು ಸ್ವಲ್ಪ ಹೇಳಬೇಕು. ಸಾಮಾನ್ಯವಾಗಿ ಇಬ್ಬರು ಬರುತ್ತಾರೆ, ಒಟ್ಟಿಗೆ ಓದಿದ ಸ್ನೇಹಿತರು. ಸಿರಿಧಾನ್ಯದ ಚಕ್ಕುಲಿಯೋ, ಕೈಯಿಂದ ಮಾಡಿದ ಸಾಬೂನೋ, ಕಾಫಿ ಪುಡಿಯೋ ಇರುತ್ತದೆ. ಲೋಗೋ ಬಹಳ ಚೆನ್ನಾಗಿರುತ್ತದೆ. ಪೆಟ್ಟಿಗೆಯ ಮೇಲೆ ನಾಲ್ಕು ಬಣ್ಣದ ಮುದ್ರಣ ಬೇಕು ಎನ್ನುತ್ತಾರೆ. ‘ಒಂದು ಪೊಟ್ಟಣದ ತೂಕ ಎಷ್ಟು, ಒಂದು ಪೆಟ್ಟಿಗೆಗೆ ಎಷ್ಟು ಪೊಟ್ಟಣ, ಗೋದಾಮಿನಲ್ಲಿ ಒಂದರ ಮೇಲೊಂದು ಎಷ್ಟು ಪೆಟ್ಟಿಗೆ ಪೇರಿಸುತ್ತೀರಿ’ ಎಂದು ಕೇಳುತ್ತೇನೆ. ಕಾಗದ ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ) ಇರಬೇಕು, ಮೂರು ಪದರ ಸಾಕೋ ಐದು ಬೇಕೋ ಎಂಬುದು ನಿರ್ಧಾರವಾಗುವುದೇ ಇದರ ಮೇಲೆ. ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ‘ತಿಂಗಳಿಗೆ ಎಷ್ಟು ಪೆಟ್ಟಿಗೆ ಬೇಕು’ ಎಂದರೆ ಲ್ಯಾಪ್‌ಟಾಪ್ ತೆರೆದು ಐದು ವರ್ಷದ ಆದಾಯದ ಅಂದಾಜು ತೋರಿಸುತ್ತಾರೆ. ಮೂರನೆಯ ವರ್ಷದ ಲಾಭ ಗೊತ್ತಿದೆ, ಮುಂದಿನ ತಿಂಗಳ ಪೆಟ್ಟಿಗೆಯ ಲೆಕ್ಕ ಗೊತ್ತಿಲ್ಲ.

ರಟ್ಟು ಕತ್ತರಿಸುವ ಅಚ್ಚು, ಅಂದರೆ ಡೈ ಮಾಡಿಸುವ ಖರ್ಚು, ಮುದ್ರಣದ ಪ್ಲೇಟಿನ ಖರ್ಚು ನೂರು ಪೆಟ್ಟಿಗೆಗೂ ಒಂದೇ, ಹತ್ತು ಸಾವಿರಕ್ಕೂ ಒಂದೇ. ಆದ್ದರಿಂದ ನೂರೇ ಪೆಟ್ಟಿಗೆ ಮಾಡಿಸಿದರೆ ಕೆಲವೊಮ್ಮೆ ಒಳಗಿನ ಸರಕಿಗಿಂತ ಪೆಟ್ಟಿಗೆಯೇ ದುಬಾರಿಯಾಗುತ್ತದೆ. ಇದನ್ನು ವಿವರಿಸಿದಾಗ ಅವರ ಮುಖದಲ್ಲಿ ಕಾಣುವ ಅಚ್ಚರಿ ನನಗೆ ಬೇಸರ ತರಿಸುತ್ತದೆ, ಏಕೆಂದರೆ ಸ್ಥಿರ ವೆಚ್ಚ ಮತ್ತು ಚರ ವೆಚ್ಚದ ಪ್ರಶ್ನೆಗೆ ಅವರಿಬ್ಬರೂ ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆದವರೇ. ಇನ್ನೊಂದು ಸಂಗತಿ. ಅವರ ಡಬ್ಬಿಯ ವಿನ್ಯಾಸದಲ್ಲಿ ಎಲೆ, ಹೂವು, ಅಜ್ಜಿಯ ಚಿತ್ರ ಎಲ್ಲವೂ ಇರುತ್ತದೆ. ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಕರ ಪೂರ್ಣ ವಿಳಾಸ, ತಯಾರಾದ ತಿಂಗಳು, ಗ್ರಾಹಕರ ದೂರಿಗೆ ಒಂದು ಫೋನ್ ಸಂಖ್ಯೆ ಮಾತ್ರ ಇರುವುದಿಲ್ಲ. ಪೊಟ್ಟಣ ಕಟ್ಟಿದ ಸರಕುಗಳಿಗೆ ಸಂಬಂಧಿಸಿದ 2011ರ ನಿಯಮಗಳಲ್ಲಿ ಇವೆಲ್ಲ ಕಡ್ಡಾಯ. ತಪ್ಪಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ದಂಡ ಹಾಕುತ್ತಾರೆ. ಉದ್ಯಮಶೀಲತೆಯ ಪದಕ ಗೆದ್ದವರಿಗೆ ಈ ವಿಷಯವನ್ನು ಪೆಟ್ಟಿಗೆ ಮಾಡುವವನು ಹೇಳಿಕೊಡಬೇಕಾಗಿ ಬರುತ್ತಿದೆ.

ಇನ್ನು ಸ್ಪರ್ಧೆಗಳು. ಅಲ್ಲಿ ಎಲ್ಲ ಪ್ರಸ್ತುತಿಗಳೂ ಒಂದೇ ಅಚ್ಚಿನವು. ಮೊದಲ ಸ್ಲೈಡಿನಲ್ಲಿ ದೊಡ್ಡವರ ಕಥೆ: 1978ರಲ್ಲಿ ಕಿರಣ್ ಮಜುಂದಾರ್ ಶಾ ಅವರು ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿಯಿಂದ ಬಯೋಕಾನ್ ಆರಂಭಿಸಿದ್ದು, ಇಲ್ಲವೇ 1981ರಲ್ಲಿ ಸುಧಾ ಮೂರ್ತಿ ಅವರು ಕೊಟ್ಟ ಹತ್ತು ಸಾವಿರದಿಂದ ಇನ್ಫೋಸಿಸ್ ಹುಟ್ಟಿದ್ದು. (ಎರಡೂ ಕಥೆಯಲ್ಲಿ ಮೊತ್ತ ಹತ್ತು ಸಾವಿರವೇ ಆಗಿರುವುದರಿಂದ ಮಕ್ಕಳಿಗೆ ನೆನಪಿಡಲು ಅನುಕೂಲ.) ಆಮೇಲೆ ‘ಭಾರತದ ಜನಸಂಖ್ಯೆಯ ಶೇಕಡಾ ಒಂದರಷ್ಟು ಜನ ಕೊಂಡರೂ ಸಾಕು’ ಎಂಬ ಲೆಕ್ಕ. ಆಮೇಲೆ ಹೂಡಿಕೆದಾರರಿಂದ ಎಷ್ಟು ಕೋಟಿ ಬೇಕು ಎಂಬ ಬೇಡಿಕೆ. ಆ ಶೇಕಡಾ ಒಂದರಲ್ಲಿ ಒಬ್ಬರ ಹೆಸರು ಹೇಳಿ ಎಂದು ಕೇಳಿದರೆ ವೇದಿಕೆಯ ಮೇಲೆ ಮೌನ. ಒಮ್ಮೆ ಹೀಗೆ ಕೇಳಿದ್ದಕ್ಕೆ ‘ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚಬೇಡಿ ಸರ್’ ಎಂದು ಪಕ್ಕದಲ್ಲಿದ್ದ ಸಹ ತೀರ್ಪುಗಾರರು ಪಿಸುಗುಟ್ಟಿದರು. ಬಯೋಕಾನ್‌ಗೆ ಶುರುವಿನಲ್ಲಿ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕಿದ್ದು, ಪಪ್ಪಾಯಿಯಿಂದ ತೆಗೆದ ಕಿಣ್ವವನ್ನು ಮಾರಿಯೇ ಆ ಕಂಪನಿ ಕಾಲೂರಿದ್ದು ಯಾರ ಪ್ರಸ್ತುತಿಯಲ್ಲೂ ಬರುವುದಿಲ್ಲ.

ಇಷ್ಟೆಲ್ಲ ನಡೆಯುವ ಕಾಲೇಜುಗಳಲ್ಲೇ ವರ್ಷಕ್ಕೊಮ್ಮೆ ನಿಜವಾದ ಉದ್ಯಮಶೀಲತೆಯ ಪಾಠವೂ ನಡೆಯುತ್ತದೆ. ಅದು ಕಾಲೇಜು ಹಬ್ಬದ ತಿಂಡಿ ಮಳಿಗೆ. ಒಂದು ಪದವಿ ಕಾಲೇಜಿನ ಹಬ್ಬದಲ್ಲಿ ನಾಲ್ವರು ಹುಡುಗಿಯರು ನಿಪ್ಪಟ್ಟು ಮಸಾಲೆ ಮಾರುತ್ತಿದ್ದರು, ತಟ್ಟೆಗೆ ನಲವತ್ತು ರೂಪಾಯಿ. ಮಧ್ಯಾಹ್ನ ಮೂರರ ಹೊತ್ತಿಗೆ ಜನ ತೆಳುವಾದರು. ಹೆಚ್ಚಿದ ಈರುಳ್ಳಿ, ಟೊಮೆಟೊ ಇನ್ನೂ ಮೂವತ್ತು ತಟ್ಟೆಗೆ ಆಗುವಷ್ಟಿತ್ತು. ಬೆಲೆ ಇಳಿಸಬೇಕೋ ಬೇಡವೋ ಎಂದು ಅವರೊಳಗೆ ವಾದ ಶುರುವಾಯಿತು. ‘ಈಗ ಇಪ್ಪತ್ತಕ್ಕೆ ಕೊಟ್ಟರೆ ಆಗಲೇ ನಲವತ್ತು ಕೊಟ್ಟು ತಿಂದವರು ಬಂದು ಕೇಳುತ್ತಾರೆ’ ಎಂದು ಒಬ್ಬಳು. ‘ಹೆಚ್ಚಿದ ಈರುಳ್ಳಿಯನ್ನು ಮನೆಗೆ ಒಯ್ದು ಏನು ಮಾಡುತ್ತೀಯೆ’ ಎಂದು ಇನ್ನೊಬ್ಬಳು. ಕೊನೆಗೆ ಇಪ್ಪತ್ತಕ್ಕೆ ಇಳಿಸಿ ಅಷ್ಟನ್ನೂ ಮಾರಿದರು. ನೂರ ಇಪ್ಪತ್ತು ತಟ್ಟೆ ನಲವತ್ತಕ್ಕೆ, ಮೂವತ್ತು ತಟ್ಟೆ ಇಪ್ಪತ್ತಕ್ಕೆ, ಒಟ್ಟು 5,400 ರೂಪಾಯಿ. ಸಾಮಾನಿಗೆ ಖರ್ಚಾದದ್ದು 2,300, ಉಳಿದ 3,100 ಲಾಭ ಎಂದು ಕುಣಿದಾಡುತ್ತಿದ್ದರು.

ಮಳಿಗೆಯ ಬಾಡಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದೆ. ಐನೂರು. ಆಟೋಗೆ? ಮುನ್ನೂರೈವತ್ತು. ನಿಪ್ಪಟ್ಟು? ‘ಅದು ನನ್ನ ಚಿಕ್ಕಮ್ಮನ ಅಂಗಡಿಯದು ಸರ್, ಅದಕ್ಕೆ ದುಡ್ಡಿಲ್ಲ.’ ಚಿಕ್ಕಮ್ಮ ಬೇರೆಯವರಿಗೆ ಮಾರಿದ್ದರೆ ಎಷ್ಟು ಬರುತ್ತಿತ್ತು? ಆ ಹುಡುಗಿ ಫೋನ್ ಮಾಡಿ ಕೇಳಿದಳು: ಸಾವಿರದ ಇನ್ನೂರು. ಎಲ್ಲ ಕಳೆದು ಉಳಿದದ್ದು 1,050. ನಾಲ್ವರು ಎರಡು ದಿನ ದುಡಿದದ್ದಕ್ಕೆ ತಲೆಗೆ ಇನ್ನೂರ ಅರವತ್ತೆರಡೂವರೆ ರೂಪಾಯಿ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹಾಗಾದರೆ ಐವತ್ತು ರೂಪಾಯಿ ಇಡಬೇಕಿತ್ತು ಸರ್’ ಎಂದಳು. ‘ಐವತ್ತಕ್ಕೆ ಯಾರು ಕೊಳ್ಳುತ್ತಿದ್ದರು, ಅದರ ಬದಲು ಚಿಕ್ಕ ತಟ್ಟೆ ತರಬೇಕಿತ್ತು’ ಎಂದು ಅವಳ ಗೆಳತಿ ಮತ್ತೆ ಜಗಳಕ್ಕೆ ನಿಂತಳು. ಬೆಲೆ ನಿಗದಿ, ಕೆಡುವ ಸರಕು, ಅವಕಾಶ ವೆಚ್ಚ, ಪಾಲುದಾರರ ಭಿನ್ನಾಭಿಪ್ರಾಯ: ಇಡೀ ಘಟಕವೊಂದು ಅರ್ಧ ಗಂಟೆಯಲ್ಲಿ ಮುಗಿದುಹೋಯಿತು. ಇದಕ್ಕೆ ಅವರಿಗೆ ಸಿಕ್ಕ ಅಂಕ ಸೊನ್ನೆ. ಕಾಲೇಜಿನ ದಾಖಲೆಯಲ್ಲಿ ಅದು ‘ಮನರಂಜನಾ ಚಟುವಟಿಕೆ’. ಕೆಲವು ವಾರಗಳ ನಂತರ ಅದೇ ಹುಡುಗಿಯರು ಪರೀಕ್ಷಾ ಕೊಠಡಿಯಲ್ಲಿ ಕುಳಿತು ಉದ್ಯಮಿಯ ಗುಣಲಕ್ಷಣಗಳನ್ನು ಬರೆದರು.

ಆ ಮಳಿಗೆಯನ್ನೇ ಪಠ್ಯಕ್ರಮದೊಳಗೆ ತನ್ನಿ ಎನ್ನುವುದು ನನ್ನ ಬೇಡಿಕೆಯ ತಿರುಳು. ನಾಲ್ವರ ತಂಡ. ತಂಡಕ್ಕೆ ಕಾಲೇಜಿನಿಂದ ಎರಡು ಸಾವಿರ ರೂಪಾಯಿ ಸಾಲ. ಮೊದಲ ಕೆಲವು ವಾರ ಯಾವ ಯೋಜನೆಯನ್ನೂ ಬರೆಯಕೂಡದು. ಗಿರಾಕಿಗಳ ಬಳಿ ಹೋಗಿ ಮಾತಾಡಬೇಕು, ಬೇಡ ಎಂದವರ ಪಟ್ಟಿ ಮತ್ತು ಬೇಡ ಎಂದದ್ದಕ್ಕೆ ಕಾರಣ ಬರೆದು ತರಬೇಕು. ನನ್ನ ಪ್ರಕಾರ ಇಡೀ ಸೆಮಿಸ್ಟರಿನ ಅತ್ಯಂತ ಬೆಲೆಬಾಳುವ ಕಾಗದ ಆ ಪಟ್ಟಿಯೇ. ಆಮೇಲೆ ಮಾರಾಟ. ಕೊನೆಯ ವಾರಗಳಲ್ಲಿ ವ್ಯವಹಾರವನ್ನು ಕ್ರಮವಾಗಿ ಮುಚ್ಚಿ, ಕೊಡಬೇಕಾದವರಿಗೆ ಕೊಟ್ಟು, ಬರಬೇಕಾದದ್ದನ್ನು ವಸೂಲಿ ಮಾಡಿ, ಸಾಲ ಹಿಂದಿರುಗಿಸಬೇಕು. ಲಾಭಕ್ಕೆ ಅಂಕ ಬೇಡ. ನಷ್ಟವಾದ ತಂಡವು ನಷ್ಟ ಎಲ್ಲಿ, ಯಾವ ದಿನ, ಯಾವ ತೀರ್ಮಾನದಿಂದ ಆಯಿತೆಂದು ನಗದು ಪುಸ್ತಕ ತೋರಿಸಿ ವಿವರಿಸಿದರೆ ಅದಕ್ಕೇ ಹೆಚ್ಚು ಅಂಕ ಸಿಗಲಿ. ಇದೇನೂ ಕಂಡು ಕೇಳರಿಯದ ಪ್ರಯೋಗವಲ್ಲ. ಅಮೆರಿಕದ ಬಾಬ್ಸನ್ ಕಾಲೇಜಿನಲ್ಲಿ 1990ರ ದಶಕದಿಂದಲೂ ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜು ಕೊಟ್ಟ ಸಾಲದಲ್ಲಿ ವ್ಯವಹಾರ ನಡೆಸಿ, ಕೊನೆಗೆ ಅದನ್ನು ಮುಚ್ಚಿ, ಲಾಭವನ್ನು ಸೇವಾ ಕಾರ್ಯಕ್ಕೆ ಕೊಡುತ್ತಾರೆ.

ಇದಕ್ಕೆ ವಿರುದ್ಧವಾದ ಪುರಾವೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನೆದರ್ಲೆಂಡ್ಸ್‌ನ ಒಂದು ವೃತ್ತಿಪರ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಪುಟ್ಟ ಕಂಪನಿ ನಡೆಸುವ ಕಾರ್ಯಕ್ರಮವನ್ನು ಅಧ್ಯಯನ ಮಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳ ಉದ್ಯಮ ಕೌಶಲದಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಉದ್ಯಮಿಯಾಗಬೇಕೆಂಬ ಆಸೆ ಕಡಿಮೆಯೇ ಆಗಿತ್ತು. ಪ್ರಾಧ್ಯಾಪಕರೊಬ್ಬರು ಇದನ್ನು ತೋರಿಸಿ ‘ನೋಡಿ, ನಿಮ್ಮ ದಾರಿಯೂ ಕೈಕೊಟ್ಟಿದೆ’ ಎಂದರು. ಕೌಶಲದ ಮಾತು ಚುಚ್ಚುವಂಥದ್ದೇ, ಒಂದು ಸಲ ಮಾರಿದ ಮಾತ್ರಕ್ಕೆ ಯಾರೂ ವ್ಯಾಪಾರಿಯಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಆಸೆ ಕಡಿಮೆಯಾದದ್ದು ನನ್ನ ದೃಷ್ಟಿಯಲ್ಲಿ ಸೋಲಲ್ಲ. ವ್ಯವಹಾರದ ಬಿಸಿ ಏನೆಂದು ಎರಡು ಸಾವಿರ ರೂಪಾಯಿಯಲ್ಲಿ ತಿಳಿದು ಇದು ತನಗೆ ಒಗ್ಗುವುದಲ್ಲ ಎಂದು ನಿರ್ಧರಿಸಿದವನು, ಅಪ್ಪನ ನಿವೃತ್ತಿಯ ಹಣ ಕಳೆದ ಮೇಲೆ ಅದನ್ನೇ ತಿಳಿಯುವವನಿಗಿಂತ ಭಾಗ್ಯವಂತ. ಎರಡನೆಯವರನ್ನು ನಾನು ಬಹಳ ಕಂಡಿದ್ದೇನೆ.

ಆಫ್ರಿಕದ ಟೋಗೋ ದೇಶದಲ್ಲಿ ನಡೆದ ಇನ್ನೊಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲೋಮೆ ನಗರದ 1,500 ಸಣ್ಣ ವ್ಯಾಪಾರಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಲೆಕ್ಕಪತ್ರ, ಮಾರುಕಟ್ಟೆ ಮುಂತಾದ ಮಾಮೂಲಿ ತರಬೇತಿ ಕೊಟ್ಟರು. ಇನ್ನೊಂದಕ್ಕೆ ಯಾರೂ ಹೇಳದೆ ತಾನಾಗಿ ಮುನ್ನುಗ್ಗುವ, ಅಡ್ಡಿ ಬಂದರೂ ಬಿಡದೆ ಅಂಟಿಕೊಳ್ಳುವ ಅಭ್ಯಾಸದ ತರಬೇತಿ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಎರಡು ವರ್ಷಕ್ಕೂ ಮೀರಿ ಅವರ ಜಾಡು ಹಿಡಿದು ನೋಡಿದಾಗ ಎರಡನೆಯ ಗುಂಪಿನವರ ಲಾಭ ಶೇಕಡಾ 30ರಷ್ಟು ಏರಿತ್ತು. ಮಾಮೂಲಿ ತರಬೇತಿ ಪಡೆದವರದು ಶೇಕಡಾ 11, ಅದೂ ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವೆನ್ನಲಾಗದು. ಅವರೆಲ್ಲ ಆಗಲೇ ಅಂಗಡಿ ನಡೆಸುತ್ತಿದ್ದವರು, ನಮ್ಮ ವಿದ್ಯಾರ್ಥಿಗಳು ಹಾಗಲ್ಲ ಎಂಬ ವ್ಯತ್ಯಾಸ ನೆನಪಿರಲಿ. ನಡೆಯುವ ವ್ಯವಹಾರವೊಂದು ಕೈಯಲ್ಲಿರುವಾಗ ತರಬೇತಿ ನಾಟುತ್ತದೆ ಎಂಬುದೇ ನಾನು ಅದರಿಂದ ಕಲಿತದ್ದು.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆ ಅವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ರುಡ್‌ಸೆಟ್ ಎಂಬ ಸ್ವ ಉದ್ಯೋಗ ತರಬೇತಿ ಸಂಸ್ಥೆ ಆರಂಭವಾಯಿತು. ನಿರುದ್ಯೋಗಿ ಯುವಕ ಯುವತಿಯರಿಗೆ ಕೆಲವೇ ವಾರಗಳ ಉಚಿತ ವಸತಿ ತರಬೇತಿ, ಮಾರುಕಟ್ಟೆಗೆ ಹೋಗಿ ಸಮೀಕ್ಷೆ, ಆಮೇಲೆ ಎರಡು ವರ್ಷ ಬೆನ್ನು ಬಿಡದೆ ಮಾರ್ಗದರ್ಶನ. ಈ ಮಾದರಿಯನ್ನೇ ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಿತು. ನೆಲಮಂಗಲದ ಅರಿಶಿನಕುಂಟೆಯಲ್ಲೂ ರುಡ್‌ಸೆಟ್ ಸಂಸ್ಥೆ ಇದೆ, ತುಮಕೂರು ರಸ್ತೆಯಲ್ಲಿ ಹೊರಟರೆ ನಮ್ಮ ಪೀಣ್ಯಕ್ಕೆ ದೂರವೇನಲ್ಲ. ಅಲ್ಲಿ ತರಬೇತಿ ಗೆದ್ದಿತೋ ಇಲ್ಲವೋ ಎಂದು ಅಳೆಯುವುದು ಎಷ್ಟು ಜನ ಸ್ವಂತ ಕಾಲಿನ ಮೇಲೆ ನಿಂತರು ಎಂಬುದರಿಂದ. ನಮ್ಮ ಕಾಲೇಜುಗಳಲ್ಲಿ ಅಳೆಯುವುದು ಎಷ್ಟು ಕಾರ್ಯಾಗಾರ ನಡೆದವು, ಬ್ಯಾನರ್ ಹಿಡಿದ ಫೋಟೋ ಎಷ್ಟು, ವರದಿ ಜಾಲತಾಣಕ್ಕೆ ಏರಿತೇ ಎಂಬುದರಿಂದ. 2018ರಿಂದ ಕಾಲೇಜುಗಳಲ್ಲಿ ಇನ್ನೊವೇಷನ್ ಕೌನ್ಸಿಲ್‌ಗಳಿವೆ, 2019ರಲ್ಲಿ ವಿದ್ಯಾರ್ಥಿಗಳ ಸ್ಟಾರ್ಟ್‌ಅಪ್‌ಗಳಿಗೆ ಹಾಜರಾತಿ ರಿಯಾಯಿತಿಯನ್ನೂ ಹೇಳುವ ರಾಷ್ಟ್ರೀಯ ನೀತಿ ಬಂತು. ಕಾಲೇಜುಗಳಿಗೆ ಶ್ರೇಣಿ ಕೊಡುವ, ನಾಗರಬಾವಿಯ ನ್ಯಾಕ್ ಕಚೇರಿಗೆ ಕಳುಹಿಸುವ ಕಡತಕ್ಕೆ ಇವೆಲ್ಲ ಚೆನ್ನಾಗಿ ಒದಗಿವೆ.

ಈಗ ಎಲ್ಲರೂ ಜಾರಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಚಿಕ್ಕಪೇಟೆಯ ಅಂಗಡಿಯಲ್ಲಿ ಅಪ್ಪನ ಪಕ್ಕದಲ್ಲಿ ಕುಳಿತು ಬೆಳೆದ ಹುಡುಗನಿಗೆ ನಿಮ್ಮ ಈ ಪತ್ರಿಕೆ ಬೇಕಾಗಿಲ್ಲ. ಯಾವ ಗಿರಾಕಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಡಬಾರದು, ಚೌಕಾಸಿಯಲ್ಲಿ ಎಲ್ಲಿ ನಿಲ್ಲಬೇಕು, ಬಾಕಿಯನ್ನು ಮುಖ ಕೆಡಿಸಿಕೊಳ್ಳದೆ ಹೇಗೆ ಕೇಳಬೇಕು ಎಂಬುದನ್ನು ಅವನು ಮೀಸೆ ಮೂಡುವ ಮೊದಲೇ ಕಲಿತಿರುತ್ತಾನೆ. ನಷ್ಟವಾದರೆ ಕೈಹಿಡಿಯಲು ಮಾವಂದಿರಿದ್ದಾರೆ. ಮಾಗಡಿಯಿಂದಲೋ ದೊಡ್ಡಬಳ್ಳಾಪುರದಿಂದಲೋ ದಿನಾ ಬಸ್ಸಿನಲ್ಲಿ ಬಂದು ಓದುವ, ಮನೆಯಲ್ಲಿ ಯಾರೂ ವ್ಯಾಪಾರ ಮಾಡದ, ಹಿಂದಿನವರು ಕೂಲಿಯನ್ನೋ ಒಕ್ಕಲುತನವನ್ನೋ ನಂಬಿ ಬಾಳಿದ ಮನೆಯ ಹುಡುಗಿಗೆ ಈ ವಿದ್ಯೆ ಕಾಲೇಜಿನಲ್ಲಿ ಸಿಗದಿದ್ದರೆ ಇನ್ನೆಲ್ಲೂ ಸಿಗುವುದಿಲ್ಲ. ಇವತ್ತಿನ ಪಠ್ಯಕ್ರಮ ಅವಳಿಗೆ ಶುಂಪೀಟರ್ ಅವರನ್ನು ಕೊಟ್ಟು, ಉದ್ರಿಯ ಲೆಕ್ಕವನ್ನು ಚಿಕ್ಕಪೇಟೆಯ ಹುಡುಗನಿಗೇ ಬಿಟ್ಟಿದೆ. ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ಗಂಭೀರವಾದ ಆಕ್ಷೇಪ ನನಗೆ ತೋಚುವುದಿಲ್ಲ. ಎರಡು ಸಾವಿರದ ಸಾಲವನ್ನು ಕಾಲೇಜೇ ಕೊಡಬೇಕು, ನಷ್ಟವನ್ನೂ ಕಾಲೇಜೇ ಹೊರಬೇಕು ಎಂದು ಒತ್ತಾಯಿಸುವುದು ಇದೇ ಕಾರಣಕ್ಕೆ. ‘ನಿಮ್ಮ ಸ್ವಂತ ಹಣ ಹಾಕಿ’ ಎಂದರೆ ಆ ಹುಡುಗಿ ಹಿಂದಿನ ಬೆಂಚಿಗೆ ಸರಿಯುತ್ತಾಳೆ.

ಬಾಕಿ ವಸೂಲಿಯ ಬಗ್ಗೆ ಒಂದು ಮಾತು ಹೆಚ್ಚಾದರೂ ಹೇಳುತ್ತೇನೆ, ಸಣ್ಣ ಉದ್ಯಮಗಳು ಸಾಯುವುದು ಅಲ್ಲೇ. ದೊಡ್ಡ ಕಂಪನಿಯೊಂದಕ್ಕೆ ಸರಕು ಕಳುಹಿಸಿ ಹಣಕ್ಕಾಗಿ ಅಲೆಯುತ್ತಿದ್ದಾಗ ಮೊದಲ ಸಲ ‘ಬಿಲ್ಲಿನಲ್ಲಿ ಪಿ.ಓ. (ಖರೀದಿ ಆದೇಶ) ಸಂಖ್ಯೆ ಇಲ್ಲ’ ಎಂದು ಹಿಂದೆ ಕಳುಹಿಸಿದರು. ಎರಡನೆಯ ಸಲ ‘ಸಾಹೇಬರು ರಜೆಯಲ್ಲಿದ್ದಾರೆ’, ಮೂರನೆಯ ಸಲ ‘ಸೋಮವಾರ ಬನ್ನಿ’. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೆಯ ಕಲಮಿನಂತೆ ಏನೇ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿಸಿದ ತಿದ್ದುಪಡಿಯಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಕೊಂಡವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. ಕಾನೂನು ಬಲವಾಗಿಯೇ ಇದೆ. ದೂರು ಕೊಟ್ಟರೆ ಮುಂದಿನ ಆರ್ಡರ್ ಬರುವುದಿಲ್ಲ ಎಂಬುದೂ ಅಷ್ಟೇ ಬಲವಾಗಿದೆ. ಇವೆರಡರ ನಡುವೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮಾದರಿ ಸಂಭಾಷಣೆಯಾಗಿ ತರಗತಿಯಲ್ಲಿ ಆಡಿಸಬಹುದು. ಒಬ್ಬರು ಸರಬರಾಜುದಾರ, ಇನ್ನೊಬ್ಬರು ಲೆಕ್ಕಪತ್ರ ವಿಭಾಗದ ಗುಮಾಸ್ತ. ಆ ಗುಮಾಸ್ತನ ಪಾತ್ರಕ್ಕೆ ಬೇಕಾದರೆ ನಾನೇ ಬರುತ್ತೇನೆ, ಸಂಭಾಷಣೆಯೆಲ್ಲ ಬಾಯಿಪಾಠವಾಗಿದೆ.

ಪಾಠಕ್ಕೆ ಸಾಮಗ್ರಿ ಇಲ್ಲ ಎನ್ನುವ ಹಾಗಿಲ್ಲ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಕಳುಹಿಸಿತು. ಎಲ್ಲೆಡೆ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ. ಅಂದರೆ ದಿನಕ್ಕೆ ಸುಮಾರು ಹನ್ನೊಂದು ಸಾವಿರ. ಚುರುಕಾದ ಬೇಕರಿಗೆ ಇದು ದೊಡ್ಡ ಮೊತ್ತವಲ್ಲ. ಹಾಲಿಗೆ ತೆರಿಗೆ ಇಲ್ಲದಿದ್ದರೂ ಬೇರೆ ಸರಕಿನ ಜೊತೆ ಮಾರಿದರೆ ಅದು ಒಟ್ಟು ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆಯೇ? ಭಾವಮೈದುನ ಅದೇ ಕ್ಯೂಆರ್ ಕೋಡಿಗೆ ಹಾಕಿದ ಕೈಸಾಲ ವಹಿವಾಟೇ? ವಹಿವಾಟು ಬೇರೆ, ಲಾಭ ಬೇರೆ ಎಂದು ಇಲಾಖೆಗೆ ಹೇಗೆ ತೋರಿಸುವುದು? ಕಾಲೇಜಿನ ಗೇಟಿನೆದುರಿನ ಬೇಕರಿಯವರನ್ನು ಒಂದು ದಿನ ತರಗತಿಗೆ ಕರೆದಿದ್ದರೆ ಎಂಥ ಪಾಠವಾಗುತ್ತಿತ್ತು! ಎಷ್ಟು ಕಾಲೇಜುಗಳು ಕರೆದವು?

ಹಳೆಯ ಉದಾಹರಣೆಗಳೂ ಇವೆ. 1924ರಲ್ಲಿ ಶುರುವಾದ ಎಂಟಿಆರ್ ಹೋಟೆಲು ತುರ್ತು ಪರಿಸ್ಥಿತಿಯ ಬೆಲೆ ನಿಯಂತ್ರಣದಲ್ಲಿ ಸಿಕ್ಕಿಕೊಂಡು ಬಾಗಿಲು ಮುಚ್ಚಬೇಕಾಯಿತು. ಕೆಲಸಗಾರರನ್ನು ಕೈಬಿಡದೆ ಪುಡಿಗಳು, ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ಹೊರಳಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡದ್ದು ಈ ಪೊಟ್ಟಣದ ವ್ಯವಹಾರವನ್ನೇ. ಸೋಲಿನ ಪಾಠಕ್ಕೆ ಸಿಂಪ್ಯೂಟರ್ ಇದೆ. ಐಐಎಸ್‌ಸಿಯ ಪ್ರಾಧ್ಯಾಪಕರೂ ಬೆಂಗಳೂರಿನ ಎಂಜಿನಿಯರುಗಳೂ ಸೇರಿ ಜನಸಾಮಾನ್ಯರಿಗಾಗಿ ಅಂಗೈ ಕಂಪ್ಯೂಟರ್ ರೂಪಿಸಿದರು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಮಾದರಿ ಮಾರುಕಟ್ಟೆಗೆ ಬಂತು. ತಂತ್ರಜ್ಞಾನ ಕಾಲಕ್ಕಿಂತ ಮುಂದಿತ್ತು, ಮಾರಾಟ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಅದನ್ನು ಕೊಳ್ಳಬೇಕಾದವರು ಯಾರು, ಕೊಳ್ಳುವ ಹಣ ಯಾರ ಜೇಬಿನಲ್ಲಿತ್ತು ಎಂದು ವಿದ್ಯಾರ್ಥಿಗಳು ಒಂದು ವಾರ ಚರ್ಚಿಸಲಿ.

ಕಲಿಸುವವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಈ ಪತ್ರಿಕೆಯನ್ನು ಹೆಚ್ಚಾಗಿ ಅತಿಥಿ ಉಪನ್ಯಾಸಕರೇ ತೆಗೆದುಕೊಳ್ಳುತ್ತಾರೆ. ಮುಂದಿನ ಸೆಮಿಸ್ಟರಿಗೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದೆ, ಸಂಜೆ ಮನೆಪಾಠ ಮಾಡಿ ಸಂಸಾರ ತೂಗಿಸುವ ಅವರಿಗೆ ಅನಿಶ್ಚಿತತೆಯ ವಿಷಯದಲ್ಲಿ ಯಾವ ಉದ್ಯಮಿಯೂ ಪಾಠ ಹೇಳಬೇಕಾಗಿಲ್ಲ. ಅವರಿಗೆ ಬೇಕಿರುವುದು ತರಗತಿಯಿಂದ ಹೊರಗೆ ಕಳೆಯುವ ಗಂಟೆಗಳಿಗೂ ಗೌರವಧನ, ಮಕ್ಕಳನ್ನು ಕೆ.ಆರ್. ಮಾರುಕಟ್ಟೆಗೋ ಎಸ್‌ಪಿ ರಸ್ತೆಗೋ ಕರೆದೊಯ್ದರೆ ಮೆಮೊ ಕೊಡದ ಪ್ರಾಂಶುಪಾಲರು. ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಒಂದು ದಿನ ಕರೆದುಕೊಂಡು ಹೋಗಿ, ಬೆಳಗ್ಗೆ ಸೇರಿಗೆ ಎಷ್ಟಿತ್ತು, ರಾತ್ರಿ ಎಷ್ಟಾಯಿತು, ಏಕೆ ಎಂದು ಬರೆಸಿದರೆ ಅದೇ ಒಂದು ಆಂತರಿಕ ಪರೀಕ್ಷೆ.

2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಗೆ ದಾರಿ ಮಾಡಿಕೊಟ್ಟಿತು. ಹದಿನೈದು ವರ್ಷದ ಅನುಭವ ಸಾಕು, ಪಿಎಚ್‌.ಡಿ. ಬೇಡ, ಮಂಜೂರಾದ ಹುದ್ದೆಗಳ ಶೇಕಡಾ 10ರವರೆಗೆ ನೇಮಿಸಿಕೊಳ್ಳಬಹುದು. ನಾನು ಕಂಡಂತೆ ಕರೆ ಹೋಗುವುದು ದೊಡ್ಡ ಕಂಪನಿಗಳಲ್ಲಿ ಉಪಾಧ್ಯಕ್ಷರಾಗಿ ನಿವೃತ್ತರಾದವರಿಗೆ. ತಿಂಗಳ ಸಂಬಳ ಒಮ್ಮೆಯೂ ತಪ್ಪದವರು ಸಂಬಳ ಕೊಡುವುದು ಹೇಗೆಂದು ಕಲಿಸುವುದು ಕಷ್ಟ. ರಾಜಾಜಿನಗರದ ಲೇತ್ ಅಂಗಡಿಯವರನ್ನು, ನಗರ್ತಪೇಟೆಯ ಮಗ್ಗದ ಮಾಲೀಕರನ್ನು ಕರೆಯಿರಿ. ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯಬೇಡಿ, ವ್ಯಾಪಾರವೆಲ್ಲ ನಡೆಯುವುದು ಕನ್ನಡ, ತಮಿಳು, ಹಿಂದಿ, ಮಾರವಾಡಿ ಬೆರೆತ ಮಾತಿನಲ್ಲಿ.

ಹಣದ ಮಾತು. ನಲವತ್ತು ವಿದ್ಯಾರ್ಥಿಗಳ ತರಗತಿಗೆ ಹತ್ತು ತಂಡ, ಇಪ್ಪತ್ತು ಸಾವಿರ ರೂಪಾಯಿ. ಅದರಲ್ಲಿ ಒಂದು ಪಾಲು ಹಿಂದಕ್ಕೂ ಬರುತ್ತದೆ. ಒಂದು ವಿಚಾರ ಸಂಕಿರಣದ ಶಾಲು, ಹಾರ, ಪೇಟ, ಸ್ಮರಣಿಕೆ ಮತ್ತು ಊಟದ ಬಿಲ್ಲನ್ನು ಪಕ್ಕದಲ್ಲಿಟ್ಟು ನೋಡಿ. ಲೆಕ್ಕಪರಿಶೋಧಕರು ವಿದ್ಯಾರ್ಥಿಗಳ ನಷ್ಟವನ್ನು ಯಾವ ಶೀರ್ಷಿಕೆಯಲ್ಲಿ ತೋರಿಸುವುದೆಂದು ಕೇಳುತ್ತಾರೆ ಎಂದು ಪ್ರಾಂಶುಪಾಲರು ಹೇಳುತ್ತಾರೆ, ಅದು ನಿಜವಾದ ತೊಡಕು. ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಖರ್ಚಾದ ಆಮ್ಲವನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲವಲ್ಲ, ಅದೇ ಶೀರ್ಷಿಕೆಯಲ್ಲಿ ಇದಕ್ಕೂ ಜಾಗ ಮಾಡಿ ವಿಶ್ವವಿದ್ಯಾಲಯದ ಸಿಂಡಿಕೇಟ್ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಅಧ್ಯಯನ ಮಂಡಳಿ ಅಂಕಗಳ ಹಂಚಿಕೆ ಬದಲಿಸಲಿ, ವಿದ್ಯಾವಿಷಯಕ ಪರಿಷತ್ತು ಒಪ್ಪಿಗೆ ಕೊಡಲಿ. ಮೌಖಿಕ ಪರೀಕ್ಷೆಗೆ ಬಾಹ್ಯ ಪರೀಕ್ಷಕರಾಗಿ ಹತ್ತಿರದ ಕೈಗಾರಿಕಾ ಪ್ರದೇಶದವರನ್ನು ಕರೆಯಲು ಅನುಮತಿ ಇರಲಿ. ಮೊದಲ ವರ್ಷ ಎಲ್ಲ ಕಾಲೇಜುಗಳಲ್ಲೂ ಬೇಡ, ಒಪ್ಪುವ ಐದಾರು ಕಾಲೇಜುಗಳಲ್ಲಿ ಮಾಡಿ ನೋಡಿ.

ಇದನ್ನು ಪರಿಶೀಲಿಸಲು ನೀವು ಸಮಿತಿಯೊಂದನ್ನು ರಚಿಸುತ್ತೀರಿ ಎಂದು ಬಲ್ಲೆ, ವಿಶ್ವವಿದ್ಯಾಲಯಗಳು ಹಾಗೆಯೇ ಕೆಲಸ ಮಾಡುತ್ತವೆ. ರಚಿಸಿ. ಅದರಲ್ಲಿ ಉದ್ಯಮದ ಪ್ರತಿನಿಧಿಯಾಗಿ ಯಶಸ್ವಿಯಾದವರೊಬ್ಬರನ್ನು ಹಾಕಿಕೊಳ್ಳುವುದು ವಾಡಿಕೆ; ಈ ಸಲ ಅವರ ಜೊತೆಗೆ ನಿಮ್ಮದೇ ಹಳೆಯ ವಿದ್ಯಾರ್ಥಿಗಳಲ್ಲಿ, ಉದ್ಯಮ ಆರಂಭಿಸಿ ಮುಚ್ಚಿದ ಒಬ್ಬರಿಗೂ ಕುರ್ಚಿ ಕೊಡಿ. ಯಾರನ್ನು ಕೇಳುವುದೆಂದು ಗೊತ್ತಾಗದಿದ್ದರೆ ನನಗೆ ಬರೆಯಿರಿ. ಅಂಥ ಕೆಲವರು ನನಗೆ ಗೊತ್ತು. ಅವರಲ್ಲಿ ಒಬ್ಬಾತ ಮುಚ್ಚಿದ ಎರಡು ವರ್ಷದ ಮೇಲೆ, ಕಾನೂನಿನ ಒತ್ತಡ ಯಾವುದೂ ಇಲ್ಲದಿದ್ದರೂ, ನನ್ನ ಬಾಕಿಯನ್ನು ಕಂತು ಕಂತಾಗಿ ತೀರಿಸುತ್ತಿದ್ದಾನೆ. ಸಭೆಗೆ ಅವನನ್ನು ಕರೆದರೆ ವಾರದ ದಿನ ಇಡಬೇಡಿ, ಈಗ ಕೆಲಸಕ್ಕೆ ಹೋಗುತ್ತಾನೆ.

ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಸಣ್ಣ ಕೈಗಾರಿಕೋದ್ಯಮಿ
ಬೆಂಗಳೂರು